ಹೃದಯ ರೋಗಿಗಳೇ, ನಿದ್ದೆಯಲ್ಲಿ ನಿಮ್ಮ ಉಸಿರು ನಿಲ್ಲುತ್ತಿದೆಯೇ?

ಕಾಪು ಕಡೆಯ ಒಬ್ಬ ಹೋಟೆಲ್ ಯಜಮಾನರನ್ನು ಮನಸ್ಸಿಗೆ ತಂದುಕೊಳ್ಳಿ. ವಯಸ್ಸು 58. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದಾರೆ. ಬಿ.ಪಿ.ಗೆ ಮೂರು ಬಗೆಯ ಮಾತ್ರೆ ತಪ್ಪದೆ ನುಂಗುತ್ತಾರೆ, ಉಪ್ಪಿನಕಾಯಿ ಬಿಟ್ಟಿದ್ದಾರೆ. ಆದರೂ ಬಿ.ಪಿ. 160ರಿಂದ ಕೆಳಗಿಳಿಯುವುದಿಲ್ಲ. ಬೆಳಿಗ್ಗೆ ಎದ್ದಾಗ ತಲೆಭಾರ, ಮಧ್ಯಾಹ್ನ ಗಲ್ಲದಲ್ಲಿ ಕೂತಲ್ಲೇ ತೂಕಡಿಕೆ.

ವೈದ್ಯರು ಕೇಳುತ್ತಾರೆ, "ನಿದ್ದೆ ಹೇಗೆ ಬರ್ತದೆ?"

"ನಿದ್ದೆಗೆ ಎಂತ ತೊಂದರೆಯೂ ಇಲ್ಲ ಡಾಕ್ಟ್ರೇ. ದಿಂಬಿಗೆ ತಲೆ ಇಟ್ಟರೆ ಆಯ್ತು."

ಪಕ್ಕದಲ್ಲಿ ಕುಳಿತ ಹೆಂಡತಿ ಏನೋ ಹೇಳಲು ಹೋಗಿ ಸುಮ್ಮನಾಗುತ್ತಾರೆ. ಹೊರಗೆ ಬಂದ ಮೇಲೆ ಸಿಸ್ಟರ್ ಹತ್ತಿರ ಮೆಲ್ಲಗೆ ಹೇಳುತ್ತಾರೆ: "ಸಿಸ್ಟರ್, ಇವರು ರಾತ್ರಿ ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಒಮ್ಮೆಲೇ ಸದ್ದೇ ಇರುವುದಿಲ್ಲ. ನಾನು ಎದ್ದು ಕೂತು ಎದೆ ಮೇಲೆ ಕೈ ಇಟ್ಟು ನೋಡ್ತೇನೆ. ಆಮೇಲೆ ಗೊರ್ ಅಂತ ದೊಡ್ಡ ಸದ್ದು ಮಾಡಿ ಮತ್ತೆ ಉಸಿರು ಬರ್ತದೆ. ಹೇಳಿದರೆ ಇವರಿಗೆ ಸಿಟ್ಟು."

ಆ ತಾಯಿ ಹೊರಗೆ ಹೇಳಿದ ಮಾತು ಒಳಗೆ ಹೇಳಬೇಕಾದ ಮಾತಾಗಿತ್ತು. ಹೃದಯ ರೋಗಿಯ ವಿಷಯದಲ್ಲಿ ಆ ನಾಲ್ಕು ವಾಕ್ಯಗಳಿಗೆ ಇ.ಸಿ.ಜಿ.ಯಷ್ಟೇ ಬೆಲೆ ಇದೆ. ಅವರು ವರ್ಣಿಸಿದ್ದು ಸ್ಲೀಪ್ ಆಪ್ನಿಯಾ ಎಂಬ ಕಾಯಿಲೆಯ ಲಕ್ಷಣ, ಅಂದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ. ರೋಗಿ ತಾನಾಗಿ ಕಾಣಲಾಗದ ಕಾಯಿಲೆ ಇದು, ಮನೆಯವರು ನೋಡಿ ಹೇಳಬೇಕು. ಅದಕ್ಕಾಗಿಯೇ ಈ ಪಾಠವನ್ನು ರೋಗಿಯೂ ಮನೆಯವರೂ ಒಟ್ಟಿಗೆ ಕುಳಿತು ಓದಬೇಕೆಂದು ಕೋರುತ್ತೇವೆ.

ಸ್ಲೀಪ್ ಆಪ್ನಿಯಾ ಎಂದರೇನು?

ನಾವು ಎಚ್ಚರವಿರುವಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಡುತ್ತವೆ. ನಿದ್ದೆ ಹತ್ತಿದಾಗ ಅವು ಸಡಿಲವಾಗುತ್ತವೆ. ಕೆಲವರಲ್ಲಿ ನಾಲಿಗೆ ಹಿಂದಕ್ಕೆ ಬಿದ್ದು, ಗಂಟಲಿನ ಗೋಡೆಗಳು ಒಂದಕ್ಕೊಂದು ಅಂಟಿದಂತಾಗಿ ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವ ಸದ್ದೇ ಗೊರಕೆ. ದಾರಿ ಪೂರ್ತಿ ಮುಚ್ಚಿದರೆ ಸದ್ದೂ ಇಲ್ಲ, ಉಸಿರೂ ಇಲ್ಲ. ಹೀಗೆ 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಂತರೆ ಅದನ್ನು ಆಪ್ನಿಯಾ ಎನ್ನುತ್ತಾರೆ.

ಆಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಯಾಗಿ ದೇಹವನ್ನು ಅರೆ ಎಚ್ಚರಕ್ಕೆ ತರುತ್ತದೆ. ಸ್ನಾಯುಗಳು ಬಿಗಿಯಾಗಿ, ದೊಡ್ಡ ಸದ್ದಿನೊಡನೆ ಗಾಳಿ ಒಳನುಗ್ಗುತ್ತದೆ. ರೋಗಿ ಮಗ್ಗುಲು ಬದಲಿಸಿ ಮತ್ತೆ ನಿದ್ದೆಗೆ ಜಾರುತ್ತಾನೆ, ಮತ್ತೆ ದಾರಿ ಮುಚ್ಚುತ್ತದೆ. ಬೆಳಿಗ್ಗೆ ಅವನಿಗೆ ಇದಾವುದೂ ನೆನಪಿರುವುದಿಲ್ಲ.

ಉಸಿರು ನಿಲ್ಲುವುದು ಅಥವಾ ತೀರಾ ಕುಗ್ಗುವುದು ಗಂಟೆಗೆ ಎಷ್ಟು ಸಲ ಎಂಬುದರ ಮೇಲೆ ಕಾಯಿಲೆಯ ತೀವ್ರತೆಯನ್ನು ಅಳೆಯುತ್ತಾರೆ. ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಸಹಜ. 5ರಿಂದ 15ರವರೆಗೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, 30 ಅಥವಾ ಹೆಚ್ಚಾದರೆ ತೀವ್ರ. ಗಂಟೆಗೆ 30 ಸಲ ಎಂದರೆ ಏಳು ಗಂಟೆಯ ನಿದ್ದೆಯಲ್ಲಿ 210 ಸಲ ಎಂದಾಯಿತು.

"ಕುಂಭಕರ್ಣನ ನಿದ್ದೆ" ಎಂದು ನಾವು ತಮಾಷೆ ಮಾಡುತ್ತೇವೆ. ಗೊರಕೆ ಹೊಡೆಯುವವನು ಸುಖವಾಗಿ ನಿದ್ರಿಸುತ್ತಿದ್ದಾನೆ ಎಂಬುದು ನಮ್ಮ ಹಳೆಯ ನಂಬಿಕೆ. ಆದರೆ ನಡುನಡುವೆ ನಿಂತು ನಿಂತು ಬರುವ ಗೊರಕೆ ಸುಖನಿದ್ದೆಯ ಗುರುತಲ್ಲ. ಅದು ಉಸಿರಿಗಾಗಿ ನಡೆಯುವ ಹೋರಾಟ.

ಇದರಿಂದ ಹೃದಯಕ್ಕೆ ಏನಾಗುತ್ತದೆ?

ಮೂರು ರೀತಿಯಲ್ಲಿ ಪೆಟ್ಟು ಬೀಳುತ್ತದೆ.

ಮೊದಲನೆಯದು, ಪ್ರತಿ ಸಲ ಆಮ್ಲಜನಕ ಇಳಿದು ಏರುವುದು ರಕ್ತನಾಳಗಳ ಒಳಪದರಕ್ಕೆ ಹಾನಿ ಮಾಡುತ್ತದೆ.

ಎರಡನೆಯದು, ಪ್ರತಿ ಅರೆ ಎಚ್ಚರದಲ್ಲೂ ದೇಹ ಅಡ್ರಿನಲಿನ್ ರೀತಿಯ ರಾಸಾಯನಿಕಗಳನ್ನು ಸುರಿಸುತ್ತದೆ, ಬಿ.ಪಿ. ಮತ್ತು ನಾಡಿ ಒಮ್ಮೆಲೇ ಏರುತ್ತವೆ. ಆರೋಗ್ಯವಂತರಲ್ಲಿ ರಾತ್ರಿ ಬಿ.ಪಿ. ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿದು ಹೃದಯಕ್ಕೆ ವಿಶ್ರಾಂತಿ ಸಿಗುತ್ತದೆ. ಈ ರೋಗಿಗಳಲ್ಲಿ ಅನೇಕರಿಗೆ ಆ ವಿಶ್ರಾಂತಿ ಇಲ್ಲ. ರಾತ್ರಿಯಿಡೀ ಓಡಿದ ಹೃದಯ ಬೆಳಿಗ್ಗೆ ಮತ್ತೆ ಕೆಲಸಕ್ಕೆ ನಿಲ್ಲುತ್ತದೆ.

ಮೂರನೆಯದು, ಮುಚ್ಚಿದ ಗಂಟಲಿನ ವಿರುದ್ಧ ಎದೆ ಉಸಿರೆಳೆಯಲು ಹೆಣಗುವಾಗ ಹೃದಯದ ಕೋಣೆಗಳು ಹಿಗ್ಗುತ್ತವೆ. ಮೇಲಿನ ಕೋಣೆ ಹಿಗ್ಗಿದರೆ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಬರುವ ಸಾಧ್ಯತೆ ಹೆಚ್ಚುತ್ತದೆ.

ಅಮೆರಿಕದ ಮೇಯೊ ಕ್ಲಿನಿಕ್ ವೈದ್ಯರು 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಿಂದೆ ನಿದ್ದೆಯ ಪರೀಕ್ಷೆ ಮಾಡಿಸಿಕೊಂಡು, ಮುಂದೆ ಹೃದಯದ ಕಾರಣದಿಂದ ಹಠಾತ್ತನೆ ತೀರಿಕೊಂಡ 112 ಜನರ ದಾಖಲೆಗಳನ್ನು ಅವರು ಪರಿಶೀಲಿಸಿದ್ದರು. ಸ್ಲೀಪ್ ಆಪ್ನಿಯಾ ಇದ್ದವರಲ್ಲಿ ಶೇ. 46ರಷ್ಟು ಜನ ಮಧ್ಯರಾತ್ರಿಯಿಂದ ಬೆಳಗಿನ 6 ಗಂಟೆಯ ಒಳಗೆ ತೀರಿಕೊಂಡಿದ್ದರು. ಆ ಕಾಯಿಲೆ ಇಲ್ಲದವರಲ್ಲಿ ಈ ಪ್ರಮಾಣ ಶೇ. 21 ಮಾತ್ರ. ಹೃದಯ ವಿಶ್ರಮಿಸಬೇಕಾದ ಹೊತ್ತೇ ಈ ರೋಗಿಗಳಿಗೆ ಅಪಾಯದ ಹೊತ್ತಾಗಿತ್ತು.

ಇದು ಅಪರೂಪದ ಕಾಯಿಲೆಯೇ?

ಖಂಡಿತ ಅಲ್ಲ. ಮುಂಬಯಿಯ 35ರಿಂದ 65 ವರ್ಷದ ಪುರುಷರ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಡಾ. ಝರೀರ್ ಉದವಾಡಿಯಾ ಮತ್ತು ಸಂಗಡಿಗರು ನಡೆಸಿದ ಆ ಅಧ್ಯಯನದ ಅಂದಾಜಿನಂತೆ ಶೇ. 19.5ರಷ್ಟು ಜನರಿಗೆ ನಿದ್ದೆಯಲ್ಲಿ ಉಸಿರಿನ ತೊಂದರೆ ಇತ್ತು. ಹಗಲು ತೂಕಡಿಕೆಯೂ ಸೇರಿದ ಪೂರ್ಣ ಕಾಯಿಲೆ ಶೇ. 7.5ರಷ್ಟು ಜನರಲ್ಲಿತ್ತು. ಇದು ಸಾಮಾನ್ಯ ಜನರ ಲೆಕ್ಕ.

ಹೃದಯ ರೋಗಿಗಳ ಲೆಕ್ಕ ಇನ್ನೂ ದೊಡ್ಡದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2021ರಲ್ಲಿ ಹೊರತಂದ ಹೇಳಿಕೆಯ ಪ್ರಕಾರ ರಕ್ತದೊತ್ತಡ, ಹೃದಯ ವೈಫಲ್ಯ, ಹೃದಯದ ರಕ್ತನಾಳಗಳ ಕಾಯಿಲೆ, ಏಟ್ರಿಯಲ್ ಫಿಬ್ರಿಲೇಷನ್, ಪಾರ್ಶ್ವವಾಯು ಇರುವವರಲ್ಲಿ ಶೇ. 40ರಿಂದ 80ರಷ್ಟು ಜನರಿಗೆ ಸ್ಲೀಪ್ ಆಪ್ನಿಯಾ ಇರುತ್ತದೆ. ಹೃದಯ ವಿಭಾಗದ ಹೊರರೋಗಿಗಳ ಬೆಂಚಿನಲ್ಲಿ ಹತ್ತು ಜನ ಕೂತಿದ್ದರೆ ಅವರಲ್ಲಿ ನಾಲ್ಕು ಜನರಿಗಾದರೂ ಈ ತೊಂದರೆ ಇರಬಹುದು. ಅವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ.

ಹಿಂದಿ ಚಿತ್ರರಂಗದ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ 2022ರ ಫೆಬ್ರವರಿ 15ರಂದು ಮುಂಬಯಿಯಲ್ಲಿ ತೀರಿಕೊಂಡಾಗ ಆಸ್ಪತ್ರೆಯವರು ಹೇಳಿದ ಕಾರಣಗಳಲ್ಲಿ ಈ ಕಾಯಿಲೆಯ ಹೆಸರೂ ಇತ್ತು. ಅಂದು ನಮ್ಮಲ್ಲಿ ಅನೇಕರು ಈ ಹೆಸರನ್ನು ಮೊದಲ ಬಾರಿ ಪತ್ರಿಕೆಯಲ್ಲಿ ಓದಿದರು.

ಹಾಗಾದರೆ ಪತ್ತೆಯಾಗುವುದಿಲ್ಲ ಏಕೆ?

ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಕಡೆಯವರಿಗೆ ದೊಡ್ಡ ಆಸ್ಪತ್ರೆ ದೂರವಿಲ್ಲ. ಮಣಿಪಾಲದಲ್ಲಿ 1953ರಲ್ಲೇ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾಯಿತು. ಎದೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂಬ ತಿಳಿವಳಿಕೆಯೂ ಇಲ್ಲಿನವರಿಗೆ ಚೆನ್ನಾಗಿದೆ. ಆದರೂ ಈ ಕಾಯಿಲೆ ಕಣ್ತಪ್ಪಿಸಿಕೊಳ್ಳುವುದಕ್ಕೆ ಕಾರಣಗಳಿವೆ.

1. ಸಾಕ್ಷಿ ಇಲ್ಲ. ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿ. ಊರಿನ ದೊಡ್ಡ ಮನೆಯಲ್ಲಿ ವಯಸ್ಸಾದವರು ಒಬ್ಬರೇ. ಗಂಡ ಹೆಂಡತಿ ಇಬ್ಬರೂ ಇದ್ದರೂ ಗೊರಕೆಯ ಕಾಟಕ್ಕೆ ಒಬ್ಬರು ಒಳಗಿನ ಕೋಣೆಯಲ್ಲಿ, ಒಬ್ಬರು ಚಾವಡಿಯಲ್ಲಿ ಮಲಗುತ್ತಾರೆ. ಉಸಿರು ನಿಲ್ಲುವುದನ್ನು ನೋಡುವವರೇ ಇಲ್ಲ.

2. ಲಕ್ಷಣಗಳು ಬೇರೆಯ ಲೆಕ್ಕಕ್ಕೆ ಹೋಗುತ್ತವೆ. ಸುಸ್ತಾದರೆ ಹೃದಯದ ಮಾತ್ರೆಯಿಂದ ಎಂದುಕೊಳ್ಳುತ್ತೇವೆ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಎದ್ದರೆ ಸಕ್ಕರೆ ಕಾಯಿಲೆಯಿಂದ, ಪ್ರಾಸ್ಟೇಟಿನಿಂದ ಅಥವಾ ನೀರಿನ ಮಾತ್ರೆಯಿಂದ ಎಂದುಕೊಳ್ಳುತ್ತೇವೆ. ಅದೂ ನಿಜವಿರಬಹುದು. ಆದರೆ ಉಸಿರು ಕಟ್ಟಿ ಹೃದಯದ ಕೋಣೆ ಹಿಗ್ಗಿದಾಗ ಹೃದಯವೇ ಮೂತ್ರ ಹೆಚ್ಚಿಸುವ ಹಾರ್ಮೋನನ್ನು ಬಿಡುತ್ತದೆ ಎಂಬುದೂ ನಿಜ.

3. ತೂಕಡಿಕೆಗೆ ನೆಪಗಳು ಬೇಕಾದಷ್ಟಿವೆ. ನಿನ್ನೆ ರಾತ್ರಿ ಆಟ ನೋಡಲು ಹೋಗಿದ್ದೆ, ಕೋಲಕ್ಕೆ ಹೋಗಿದ್ದೆ, ಬೆಳಗಿನ ಜಾವ ಹೋಟೆಲ್ ತೆರೆಯಬೇಕಿತ್ತು, ಬೋಟಿನಿಂದ ಈಗಷ್ಟೇ ಬಂದೆ. ಒಂದು ದಿನದ ಜಾಗರಣೆಯ ತೂಕಡಿಕೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ತಿಂಗಳುಗಟ್ಟಲೆ ಇರುವ ತೂಕಡಿಕೆಗೆ ಯಕ್ಷಗಾನ ಕಾರಣವಲ್ಲ.

4. ತೂಕಡಿಕೆಯೇ ಇಲ್ಲದಿರಬಹುದು. ಹೃದಯ ವೈಫಲ್ಯದ ರೋಗಿಗಳಲ್ಲಿ ಅನೇಕರಿಗೆ ಆಪ್ನಿಯಾ ತೀವ್ರವಾಗಿದ್ದರೂ ಹಗಲು ನಿದ್ದೆ ಬರುವುದಿಲ್ಲ. "ನನಗೆ ಹಗಲು ನಿದ್ದೆ ಬರುವುದಿಲ್ಲ, ಆದ್ದರಿಂದ ನನಗಿಲ್ಲ" ಎನ್ನುವಂತಿಲ್ಲ.

5. ದಪ್ಪಗಿದ್ದವರಿಗೆ ಮಾತ್ರ ಎಂಬ ತಪ್ಪು ಕಲ್ಪನೆ. ದವಡೆ ಚಿಕ್ಕದಾಗಿ ಹಿಂದಕ್ಕಿದ್ದರೆ, ನಾಲಿಗೆ ಅಥವಾ ಗಂಟಲಿನ ಗ್ರಂಥಿ ದೊಡ್ಡದಿದ್ದರೆ ತೆಳ್ಳಗಿರುವವರಿಗೂ ಬರುತ್ತದೆ.

6. ಹೆಂಗಸರು ಹೇಳಿಕೊಳ್ಳುವುದಿಲ್ಲ. ಗೊರಕೆ ಎಂದರೆ ನಾಚಿಕೆ. ಅವರಲ್ಲಿ ಇದು ನಿದ್ದೆ ಬಾರದಿರುವುದು, ಬೆಳಗಿನ ತಲೆನೋವು, ಬೇಸರ, ಸುಸ್ತು ಎಂದು ಕಾಣಿಸಿಕೊಳ್ಳುವುದೇ ಹೆಚ್ಚು. ಮುಟ್ಟು ನಿಂತ ಮೇಲೆ ಅಪಾಯ ಏರುತ್ತದೆ.

ಎರಡು ಬಗೆ ಇದೆ ಎಂಬುದು ನೆನಪಿರಲಿ

ಮೇಲೆ ಹೇಳಿದ್ದು ಗಂಟಲು ಮುಚ್ಚುವ ಬಗೆ. ಇನ್ನೊಂದು ಬಗೆಯಲ್ಲಿ ಗಂಟಲು ತೆರೆದೇ ಇರುತ್ತದೆ, ಆದರೆ ಉಸಿರಾಡು ಎಂದು ಮೆದುಳು ಕಳಿಸುವ ಆಜ್ಞೆಯೇ ನಿಂತುಹೋಗುತ್ತದೆ. ಇದಕ್ಕೆ ಸೆಂಟ್ರಲ್ ಆಪ್ನಿಯಾ ಎನ್ನುತ್ತಾರೆ. ಹೃದಯ ವೈಫಲ್ಯದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಉಸಿರು ಅಲೆಯಂತೆ ಏರುತ್ತಾ ಹೋಗಿ, ಇಳಿಯುತ್ತಾ ಬಂದು, ನಿಂತು, ಮತ್ತೆ ಏರುತ್ತದೆ. ಗೊರಕೆ ಇಲ್ಲದೆಯೂ ಇರಬಹುದು. ಡಬ್ಲಿನ್ ನಗರದ ಇಬ್ಬರು ವೈದ್ಯರು, ಜಾನ್ ಚೇನ್ 1818ರಲ್ಲಿ ಮತ್ತು ವಿಲಿಯಂ ಸ್ಟೋಕ್ಸ್ 1854ರಲ್ಲಿ, ಇದನ್ನು ವರ್ಣಿಸಿದ್ದರಿಂದ ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಈ ಎರಡರ ಚಿಕಿತ್ಸೆ ಬೇರೆ ಬೇರೆ. ಆದ್ದರಿಂದ ಪರೀಕ್ಷೆ ಇಲ್ಲದೆ ಯಂತ್ರ ಕೊಳ್ಳಬಾರದು.

ಹೃದಯ ವೈಫಲ್ಯದವರಿಗೆ ಇನ್ನೊಂದು ತೊಂದರೆ ಇದೆ. ಹಗಲು ಕಾಲಿನಲ್ಲಿ ಸೇರಿದ ಬಾವಿನ ನೀರು ರಾತ್ರಿ ಮಲಗಿದಾಗ ದೇಹದ ಮೇಲ್ಭಾಗಕ್ಕೆ ಸರಿದು ಕುತ್ತಿಗೆಯಲ್ಲೂ ಸೇರುತ್ತದೆ. ಗಂಟಲಿನ ದಾರಿ ಇನ್ನಷ್ಟು ಕಿರಿದಾಗುತ್ತದೆ. ಒಣಮೀನು, ಹಪ್ಪಳ, ಉಪ್ಪಿನಕಾಯಿ ಕಡಿಮೆ ಮಾಡಿ ಎಂದು ವೈದ್ಯರು ಹೇಳುವುದರ ಹಿಂದೆ ಇದೂ ಒಂದು ಕಾರಣವೆಂದು ತಿಳಿಯಿರಿ.

ಯಾರು ತಾವಾಗಿಯೇ ವೈದ್ಯರಲ್ಲಿ ಈ ಮಾತು ಎತ್ತಬೇಕು?

• ನೀರಿನ ಮಾತ್ರೆಯೂ ಸೇರಿ ಮೂರು ಬಗೆಯ ಬಿ.ಪಿ. ಔಷಧ ಸರಿಯಾಗಿ ತೆಗೆದುಕೊಂಡರೂ ಬಿ.ಪಿ. ಹತೋಟಿಗೆ ಬಾರದವರು
• ಏಟ್ರಿಯಲ್ ಫಿಬ್ರಿಲೇಷನ್ ಇರುವವರು. ಅದರಲ್ಲೂ ಶಾಕ್ ಅಥವಾ ಅಬ್ಲೇಷನ್ ಚಿಕಿತ್ಸೆಯ ನಂತರ ಅದು ಮರುಕಳಿಸಿದವರು
• ಹೃದಯ ವೈಫಲ್ಯ ಇದೆ ಎಂದು ವೈದ್ಯರು ಹೇಳಿರುವವರು
• ಎಕೋ ಪರೀಕ್ಷೆಯಲ್ಲಿ ಶ್ವಾಸಕೋಶದ ರಕ್ತನಾಳದ ಒತ್ತಡ ಹೆಚ್ಚಿದೆ ಎಂದು ಬಂದವರು
• ರಾತ್ರಿ ನಿದ್ದೆಯಲ್ಲೇ ಎದೆನೋವು ಬಂದು ಎದ್ದವರು, ಅಥವಾ ಹೋಲ್ಟರ್ ಪರೀಕ್ಷೆಯಲ್ಲಿ ರಾತ್ರಿ ಹೊತ್ತು ಬಡಿತ ತಡೆದು ನಿಂತದ್ದು ಕಂಡವರು
• ಪಾರ್ಶ್ವವಾಯು ಆದವರು
• ಆಸ್ಪತ್ರೆಯಲ್ಲಿ ಮಲಗಿದ್ದಾಗ, "ರಾತ್ರಿ ನಿಮ್ಮ ಆಮ್ಲಜನಕ ಇಳಿಯುತ್ತಿತ್ತು" ಎಂದು ಸಿಸ್ಟರ್ ಹೇಳಿದ್ದು ನೆನಪಿರುವವರು

ಎಂಟು ಪ್ರಶ್ನೆಗಳು

ಕೆನಡಾದ ಟೊರೊಂಟೊ ನಗರದ ಅರಿವಳಿಕೆ ತಜ್ಞೆ ಡಾ. ಫ್ರಾನ್ಸಿಸ್ ಚಂಗ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಎಂಟು ಪ್ರಶ್ನೆಗಳ ಪಟ್ಟಿಯನ್ನು ಇಂದು ಎಲ್ಲೆಡೆ ಬಳಸುತ್ತಾರೆ. ಹೌದು ಎಂದಾದರೆ ಒಂದು ಅಂಕ.

1. ಬಾಗಿಲು ಮುಚ್ಚಿದರೂ ಕೇಳಿಸುವಷ್ಟು ಜೋರಾಗಿ ಗೊರಕೆ ಹೊಡೆಯುತ್ತೀರಾ?
2. ಹಗಲು ಸುಸ್ತು, ಆಯಾಸ, ತೂಕಡಿಕೆ ಆಗಾಗ ಇದೆಯೇ?
3. ನಿದ್ದೆಯಲ್ಲಿ ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರೆಯೇ?
4. ಬಿ.ಪಿ. ಇದೆಯೇ, ಅಥವಾ ಅದಕ್ಕೆ ಔಷಧ ತೆಗೆದುಕೊಳ್ಳುತ್ತೀರಾ?
5. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿ.ಎಂ.ಐ., 35ಕ್ಕಿಂತ ಹೆಚ್ಚಿದೆಯೇ?
6. ವಯಸ್ಸು 50 ದಾಟಿದೆಯೇ?
7. ಕುತ್ತಿಗೆಯ ಸುತ್ತಳತೆ 40 ಸೆಂ.ಮೀ.ಗಿಂತ ಹೆಚ್ಚಿದೆಯೇ? ದರ್ಜಿಯ ಟೇಪಿನಿಂದ ಅಳೆಯಬಹುದು.
8. ನೀವು ಪುರುಷರೇ?

ಮೂರು ಅಥವಾ ನಾಲ್ಕು ಅಂಕ ಬಂದರೆ ಮಧ್ಯಮ ಅಪಾಯ. ಐದು ಅಥವಾ ಹೆಚ್ಚು ಬಂದರೆ ಹೆಚ್ಚಿನ ಅಪಾಯ.

ಇಲ್ಲಿ ಒಂದು ಸೂಕ್ಷ್ಮವಿದೆ. 50 ದಾಟಿದ, ಬಿ.ಪಿ. ಇರುವ ಪುರುಷ ಹೃದಯ ರೋಗಿಗೆ ಕುಳಿತಲ್ಲೇ ಮೂರು ಅಂಕ ಬಂದುಬಿಡುತ್ತದೆ. ಅದರಿಂದಲೇ ಗಾಬರಿಯಾಗಬೇಕಿಲ್ಲ. ಹಾಗೆಯೇ ತೆಳ್ಳಗಿನ, ಒಬ್ಬರೇ ಮಲಗುವ ಹೆಂಗಸಿಗೆ ಎರಡೇ ಅಂಕ ಬಂದರೂ ಕಾಯಿಲೆ ಇರಬಹುದು. ಅಷ್ಟೇ ಅಲ್ಲ, ನಮ್ಮ ದೇಶದವರಿಗೆ ಬಿ.ಎಂ.ಐ. 35 ಆಗುವ ಎಷ್ಟೋ ಮೊದಲೇ, 25ರ ಆಸುಪಾಸಿನಲ್ಲೇ, ಬೊಜ್ಜಿನ ತೊಂದರೆಗಳು ಶುರುವಾಗುತ್ತವೆ. ಈ ಪಟ್ಟಿ ಮಾತು ಆರಂಭಿಸಲು ಅನುಕೂಲ, ತೀರ್ಪು ಕೊಡಲು ಅಲ್ಲ. ಎಂಟರಲ್ಲಿ ಹೆಚ್ಚು ತೂಕವಿರುವ ಪ್ರಶ್ನೆ ಮೂರನೆಯದು. ಅದಕ್ಕೆ ಉತ್ತರ ಕೊಡುವವರು ಮನೆಯವರು.

ಮನೆಯವರು ಮಾಡಬೇಕಾದ ಕೆಲಸ

ಎರಡು ಮೂರು ರಾತ್ರಿ ಗಮನಿಸಿ ನೋಡಿ. ರೋಗಿ ಮಲಗಿ ಒಂದೆರಡು ಗಂಟೆ ಕಳೆದ ಮೇಲೆ ಒಮ್ಮೆ, ಬೆಳಗಿನ ಜಾವ ಒಮ್ಮೆ, ಹತ್ತು ಹದಿನೈದು ನಿಮಿಷ ನೋಡಿದರೆ ಸಾಕು.

• ಗೊರಕೆ ಒಂದೇ ಸಮನೆ ಇದೆಯೇ, ನಿಂತು ನಿಂತು ಬರುತ್ತದೆಯೇ?
• ಸದ್ದು ನಿಂತಾಗ ಗಡಿಯಾರ ನೋಡಿ ಸೆಕೆಂಡು ಎಣಿಸಿ. ಹತ್ತು ದಾಟುತ್ತದೆಯೇ?
• ಸದ್ದು ನಿಂತಾಗ ಎದೆ, ಹೊಟ್ಟೆ ಉಸಿರೆಳೆಯಲು ಹೆಣಗುತ್ತಿವೆಯೇ, ಅಥವಾ ಅವೂ ಸುಮ್ಮನಿವೆಯೇ?
• ಅಂಗಾತ ಮಲಗಿದಾಗ ಹೆಚ್ಚೇ? ಮಗ್ಗುಲಾದರೆ ಕಡಿಮೆಯೇ?
• ಉಸಿರುಕಟ್ಟಿದಂತಾಗಿ ದಿಗ್ಗನೆ ಎದ್ದು ಕೂರುತ್ತಾರೆಯೇ? ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆ?

ಸಾಧ್ಯವಾದರೆ ಮೊಬೈಲಿನಲ್ಲಿ ಐದು ನಿಮಿಷ ವಿಡಿಯೋ ಮಾಡಿಕೊಳ್ಳಿ. ವೈದ್ಯರಿಗೆ ಅದು ಬಹಳ ಸಹಾಯ. ರೋಗಿಗೆ ತಿಳಿಸಿಯೇ ಮಾಡಿ. ಹಂಗಿಸಲು ಅಲ್ಲ, ಕಾಪಾಡಲು ಎಂದು ಹೇಳಿ. ಒಬ್ಬರೇ ಇರುವವರು ರಜೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಬಂದಾಗ ಕೇಳಿ ನೋಡಿ. ಬೋಟಿನಲ್ಲಿ ಜೊತೆಗೆ ಮಲಗುವವರು, ಹೋಟೆಲಿನ ಕೋಣೆಯಲ್ಲಿ ಜೊತೆಗಿರುವವರು ಕೂಡ ಒಳ್ಳೆಯ ಸಾಕ್ಷಿಗಳೇ. ಕೈಗಡಿಯಾರದಂಥ ಸಾಧನಗಳು ಕೊಡುವ ಸೂಚನೆಯನ್ನು ವೈದ್ಯರಿಗೆ ತೋರಿಸಬಹುದು, ಆದರೆ ಅವೇ ಪರೀಕ್ಷೆಯಲ್ಲ.

ಪರೀಕ್ಷೆ ಹೇಗೆ?

ಇದಕ್ಕೆ ಸ್ಲೀಪ್ ಸ್ಟಡಿ, ಪಾಲಿಸೋಮ್ನೋಗ್ರಫಿ ಎನ್ನುತ್ತಾರೆ. ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕು. ತಲೆ, ಕಣ್ಣಿನ ಬದಿ, ಗಲ್ಲ, ಎದೆ, ಕಾಲುಗಳಿಗೆ ತೆಳುವಾದ ತಂತಿ ಅಂಟಿಸುತ್ತಾರೆ, ಎದೆ ಹೊಟ್ಟೆಗೆ ಪಟ್ಟಿ ಕಟ್ಟುತ್ತಾರೆ, ಮೂಗಿನ ಹತ್ತಿರ ಒಂದು ಸಣ್ಣ ನಳಿಕೆ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್. ಚುಚ್ಚುವುದಿಲ್ಲ, ನೋವಿಲ್ಲ. ಹೊಸ ಜಾಗದಲ್ಲಿ ನಿದ್ದೆ ಸ್ವಲ್ಪ ಕಡಿಮೆಯಾದರೂ ಸಾಮಾನ್ಯವಾಗಿ ಬೇಕಾದ ಮಾಹಿತಿ ಸಿಗುತ್ತದೆ.

ಮನೆಯಲ್ಲೇ ಮಾಡುವ ಸಣ್ಣ ಯಂತ್ರದ ಪರೀಕ್ಷೆಯೂ ಇದೆ. ಆದರೆ ಹೃದಯ ವೈಫಲ್ಯದಂಥ ತೊಡಕಿನ ಕಾಯಿಲೆ ಇರುವವರಿಗೆ ಆಸ್ಪತ್ರೆಯಲ್ಲಿ ಮಾಡುವ ಪೂರ್ಣ ಪರೀಕ್ಷೆಯೇ ಸೂಕ್ತ. ಕಾಪು, ಕಾರ್ಕಳದವರು ಮೊದಲು ತಮ್ಮ ವೈದ್ಯರಿಗೆ ತೋರಿಸಿ, ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಹೃದಯ ವಿಭಾಗದಲ್ಲಿ, ಶ್ವಾಸಕೋಶ ವಿಭಾಗದಲ್ಲಿ ಅಥವಾ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಈ ಪರೀಕ್ಷೆಯ ಬಗ್ಗೆ ವಿಚಾರಿಸಲಿ. ಖರ್ಚು ಎಷ್ಟು, ವಿಮೆ ಅಥವಾ ಸರ್ಕಾರಿ ಯೋಜನೆಯಲ್ಲಿ ಬರುತ್ತದೆಯೇ ಎಂಬುದನ್ನು ಮೊದಲೇ ಕೇಳಿ ತಿಳಿಯುವುದು ಒಳ್ಳೆಯದು.

ಚಿಕಿತ್ಸೆ ಏನು?

ತೂಕ ಇಳಿಸುವುದು: ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 10ರಷ್ಟು ತೂಕ ಇಳಿದರೆ ಉಸಿರು ನಿಲ್ಲುವ ಸಂಖ್ಯೆ ಸುಮಾರು ಶೇ. 26ರಷ್ಟು ಇಳಿಯುತ್ತದೆಂದು ಕಂಡುಬಂತು. 80 ಕಿಲೋ ಇರುವವರಿಗೆ ಇದು 8 ಕಿಲೋ. ಒಮ್ಮೆಲೇ ಅಲ್ಲ, ತಿಂಗಳಿಗೆ ಸ್ವಲ್ಪ ಸ್ವಲ್ಪ. ಹೃದಯ ರೋಗಿಗಳು ವ್ಯಾಯಾಮದ ಮಿತಿಯನ್ನು ವೈದ್ಯರಲ್ಲಿ ಕೇಳಿಯೇ ನಡೆಯಬೇಕು.

ಮಲಗುವ ರೀತಿ: ಅಂಗಾತ ಮಲಗಿದಾಗ ಮಾತ್ರ ತೊಂದರೆ ಇದ್ದರೆ ಮಗ್ಗುಲಾಗಿ ಮಲಗುವುದರಿಂದ ಅನುಕೂಲ.

ಮದ್ಯ, ನಿದ್ದೆ ಮಾತ್ರೆ: ರಾತ್ರಿ ಕುಡಿದರೆ ಗಂಟಲಿನ ಸ್ನಾಯು ಇನ್ನೂ ಸಡಿಲವಾಗುತ್ತದೆ. ಬಿಟ್ಟುಬಿಡಿ. ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ನುಂಗಬೇಡಿ. ಬೀಡಿ, ಸಿಗರೇಟು ಹೃದಯಕ್ಕೂ ಗಂಟಲಿಗೂ ವೈರಿ.

ಸಿ-ಪ್ಯಾಪ್ ಯಂತ್ರ: ಮಧ್ಯಮ ಮತ್ತು ತೀವ್ರ ಕಾಯಿಲೆಗೆ ಇದು ಮುಖ್ಯ ಚಿಕಿತ್ಸೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡಾ. ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಐದು ರೋಗಿಗಳ ಮೇಲೆ ಇದರ ಪ್ರಯೋಗವನ್ನು ಪ್ರಕಟಿಸಿದರು. ಸಣ್ಣ ಯಂತ್ರವೊಂದು ಮುಖವಾಡದ ಮೂಲಕ ಗಾಳಿಯನ್ನು ಹದವಾದ ಒತ್ತಡದಲ್ಲಿ ಕಳಿಸುತ್ತದೆ. ಆ ಗಾಳಿಯ ಒತ್ತಡವೇ ಗಂಟಲು ಮುಚ್ಚದಂತೆ ತಡೆಯುತ್ತದೆ. ಇದು ಆಮ್ಲಜನಕದ ಸಿಲಿಂಡರ್ ಅಲ್ಲ. ಇದನ್ನು ಹಾಕಿಕೊಂಡರೆ ಯಂತ್ರಕ್ಕೇ ದಾಸರಾಗುತ್ತೇವೆ ಎಂಬ ಹೆದರಿಕೆ ಬೇಡ. ಕನ್ನಡಕ ಹಾಕಿಕೊಂಡಷ್ಟೇ ಸಹಜವೆಂದು ತಿಳಿಯಿರಿ.

ಕೆಲವರಿಗೆ ದಂತವೈದ್ಯರು ಮಾಡಿಕೊಡುವ, ದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನ ಸಾಕಾಗಬಹುದು. ಮೂಗು, ಗಂಟಲಿನ ದೋಷವಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಯಂತ್ರ ಹಾಕಿದರೆ ಹೃದಯಾಘಾತ ಬರುವುದಿಲ್ಲವೇ?

ಇದಕ್ಕೆ ಪ್ರಾಮಾಣಿಕ ಉತ್ತರ ಕೊಡಬೇಕು. ಭಾರತವೂ ಸೇರಿ ಏಳು ದೇಶಗಳಲ್ಲಿ, ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದ 2,717 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂತು. ಸಿ-ಪ್ಯಾಪ್ ಕೊಟ್ಟ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯು, ಸಾವು ಒಟ್ಟಾರೆ ಕಡಿಮೆಯಾಗಲಿಲ್ಲ. ಆದರೆ ಗೊರಕೆ, ತೂಕಡಿಕೆ ಇಳಿದವು, ಮನಸ್ಸು ಹಗುರಾಯಿತು. ಆ ರೋಗಿಗಳು ಯಂತ್ರವನ್ನು ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಇಂಥ ಮೂರು ಪರೀಕ್ಷೆಗಳನ್ನು ಸೇರಿಸಿ 2023ರಲ್ಲಿ ನೋಡಿದಾಗ, ರಾತ್ರಿಗೆ 4 ಗಂಟೆ ಅಥವಾ ಹೆಚ್ಚು ಬಳಸಿದವರಲ್ಲಿ ಅಪಾಯ ಕಡಿಮೆ ಇದ್ದುದು ಕಂಡಿತು. ಯಂತ್ರವನ್ನು ಶ್ರದ್ಧೆಯಿಂದ ಬಳಸುವವರು ಮಾತ್ರೆಗಳನ್ನೂ ಶ್ರದ್ಧೆಯಿಂದ ತೆಗೆದುಕೊಳ್ಳುತ್ತಾರೆ ಎಂಬುದನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕು.

ಬಿ.ಪಿ. ವಿಷಯದಲ್ಲಿ ಲಾಭ ಸರಾಸರಿ 2ರಿಂದ 3 ಮಿ.ಮೀ. ಇಳಿಕೆ. ಹಟಮಾರಿ ಬಿ.ಪಿ. ಇರುವ ಕೆಲವರಲ್ಲಿ ಇನ್ನೂ ಹೆಚ್ಚು. ಹಾಗಾಗಿ ಸಿ-ಪ್ಯಾಪ್ ಬಂತೆಂದು ಹೃದಯದ ಒಂದು ಮಾತ್ರೆಯನ್ನೂ ತಾವಾಗಿ ನಿಲ್ಲಿಸಬಾರದು. ಮಾತ್ರೆಯ ಜಾಗದಲ್ಲಿ ಯಂತ್ರವಲ್ಲ, ಮಾತ್ರೆಯ ಜೊತೆಗೆ ಯಂತ್ರ.

ಇನ್ನೊಂದು ಎಚ್ಚರಿಕೆ. ಹೃದಯದ ಪಂಪ್ ಮಾಡುವ ಶಕ್ತಿ ಶೇ. 45 ಅಥವಾ ಅದಕ್ಕಿಂತ ಕಡಿಮೆ ಇದ್ದು, ಮುಖ್ಯವಾಗಿ ಸೆಂಟ್ರಲ್ ಬಗೆಯ ಆಪ್ನಿಯಾ ಇರುವವರಿಗೆ ಎ.ಎಸ್.ವಿ. ಎಂಬ ಬೇರೊಂದು ಯಂತ್ರದಿಂದ ಹೃದಯ ಸಂಬಂಧಿ ಸಾವು ಹೆಚ್ಚಾದದ್ದು 2015ರ ಪರೀಕ್ಷೆಯೊಂದರಲ್ಲಿ ಕಂಡುಬಂತು. ಪರಿಚಯದವರ ಯಂತ್ರವನ್ನು ತಂದು ಹಾಕಿಕೊಳ್ಳುವುದು, ಅಂಗಡಿಯಲ್ಲಿ ತಾವೇ ಆರಿಸಿ ಕೊಳ್ಳುವುದು ಅಪಾಯ.

ದಿನನಿತ್ಯದ ಕೆಲವು ಮಾತು

• ಮುಖವಾಡ ಸರಿಯಾದ ಅಳತೆಯದಿರಲಿ. ಮೊದಲ ವಾರ ಹಗಲು ಟಿ.ವಿ. ನೋಡುವಾಗ ಅರ್ಧ ಗಂಟೆ ಹಾಕಿ ರೂಢಿ ಮಾಡಿಕೊಳ್ಳಿ.
• ಕರಾವಳಿಯ ಹವೆಯಲ್ಲಿ ಬೆವರು, ಬೂಷ್ಟು ಬೇಗ. ಮುಖವಾಡವನ್ನು ದಿನಾ ಸೌಮ್ಯ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಫಿಲ್ಟರನ್ನು ಹೇಳಿದ ಸಮಯಕ್ಕೆ ಬದಲಿಸಿ.
• ಮಳೆಗಾಲದಲ್ಲಿ ರಾತ್ರಿ ಕರೆಂಟ್ ಹೋದರೆ ಮುಖವಾಡ ತೆಗೆದು, ತಲೆಯ ಭಾಗ ಎತ್ತರಿಸಿ, ಮಗ್ಗುಲಾಗಿ ಮಲಗಿ. ಪದೇ ಪದೇ ಹೋಗುವ ಊರಾದರೆ ಇನ್ವರ್ಟರ್ ಬಗ್ಗೆ ಯಂತ್ರ ಕೊಟ್ಟವರಲ್ಲಿ ಕೇಳಿ.
• ತೂಕಡಿಕೆ ಇರುವವರು ಚಿಕಿತ್ಸೆ ಸರಿಹೋಗುವವರೆಗೆ ವಾಹನ ನಡೆಸಬಾರದು. ಆಗುಂಬೆ ಘಾಟಿಯ ತಿರುವಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎರಡು ಸೆಕೆಂಡಿನ ನಿದ್ದೆ ಸಾಕು, ನಿಮ್ಮದಷ್ಟೇ ಅಲ್ಲ, ಎದುರು ಬರುವವರ ಜೀವಕ್ಕೂ ಅಪಾಯ.
• ಬೈಪಾಸ್, ಹರ್ನಿಯಾ, ಕಣ್ಣು, ಯಾವುದೇ ಶಸ್ತ್ರಚಿಕಿತ್ಸೆ ಇರಲಿ, ಅರಿವಳಿಕೆ ಕೊಡುವ ವೈದ್ಯರಿಗೆ ಈ ಕಾಯಿಲೆಯ ವಿಷಯ ಮೊದಲೇ ಹೇಳಿ. ಯಂತ್ರವಿದ್ದರೆ ಆಸ್ಪತ್ರೆಗೆ ಜೊತೆಯಲ್ಲಿ ತನ್ನಿ.
• ಎದೆನೋವು, ವಿಪರೀತ ಏದುಸಿರು, ಪ್ರಜ್ಞೆ ತಪ್ಪುವುದು ಕಂಡರೆ ಇದು ಆಪ್ನಿಯಾ ಇರಬಹುದೆಂದು ಕಾಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.

ಮುಂದಿನ ಸಲ ವೈದ್ಯರ ಬಳಿ ಹೋಗುವಾಗ

ರೋಗಿಯ ಜೊತೆ, ರಾತ್ರಿ ಅವರ ಹತ್ತಿರ ಮಲಗುವವರು ಒಬ್ಬರು ಬನ್ನಿ. ಈ ಐದು ವಿಷಯ ಒಂದು ಚೀಟಿಯಲ್ಲಿ ಬರೆದು ತನ್ನಿ.

1. ಉಸಿರು ನಿಲ್ಲುವುದನ್ನು ನೋಡಿದ್ದೇವೆ / ನೋಡಿಲ್ಲ. ನೋಡಿದ್ದರೆ ಸುಮಾರು ಎಷ್ಟು ಸೆಕೆಂಡು.
2. ಹಗಲು ತೂಕಡಿಕೆ ಎಲ್ಲೆಲ್ಲಿ: ಕೂತಲ್ಲಿ, ಬಸ್ಸಿನಲ್ಲಿ, ಮಾತನಾಡುತ್ತಿರುವಾಗ.
3. ರಾತ್ರಿ ಎಷ್ಟು ಸಲ ಏಳುತ್ತಾರೆ, ಏಕೆ.
4. ಕುತ್ತಿಗೆಯ ಅಳತೆ, ತೂಕ, ಎತ್ತರ.
5. ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳು ಮತ್ತು ಮನೆಯಲ್ಲಿ ನೋಡಿದ ಬಿ.ಪಿ. ಲೆಕ್ಕ.

ಮೊದಲು ಹೇಳಿದ ಆ ತಾಯಿಯನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ಎಷ್ಟೋ ರಾತ್ರಿ ಅವರು ಗಂಡನ ಎದೆಯ ಮೇಲೆ ಕೈ ಇಟ್ಟು ಉಸಿರಿದೆಯೇ ಎಂದು ನೋಡಿದ್ದಾರೆ. ಅವರಿಗೆ ಗೊತ್ತಿದ್ದುದು ವೈದ್ಯರಿಗೆ ಗೊತ್ತಿರಲಿಲ್ಲ, ಗಂಡನಿಗೂ ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ಎದ್ದು ಕೂರುವವರಿದ್ದರೆ ದಯವಿಟ್ಟು ಸಂಕೋಚಪಡಬೇಡಿ. ವೈದ್ಯರ ಕೋಣೆಯ ಹೊರಗೆ ಹೇಳುವ ಮಾತನ್ನು ಒಳಗೇ ಹೇಳಿ. ರೋಗಿಗಳೂ ಸಿಟ್ಟಾಗದೆ ಕೇಳಿಸಿಕೊಳ್ಳಿ. ನೀವು ಮಲಗಿರುವಾಗ ನಿಮ್ಮ ಉಸಿರಿಗೆ ಕಾವಲಿದ್ದವರು ಅವರು.